ಪ್ರೀಪೇಯ್ಡ್ ಫೋನ್ ಕಾರ್ಡಿನ ಶುಲ್ಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಡಿನ ಮುಖದ ಮೇಲೆ ದಪ್ಪಕ್ಷರದಲ್ಲಿ ಒಂದು ಸಂಖ್ಯೆ ಇರುತ್ತದೆ. ಇಷ್ಟು ನಿಮಿಷ ಮಾತು, ಅಥವಾ ನಿಮಿಷಕ್ಕೆ ಇಷ್ಟು ದರ. ಮಿಕ್ಕಿದ್ದೆಲ್ಲ ಹಿಂಬದಿಯಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ. ಈ ಪುಟ ಇರುವುದು ಆ ಹಿಂಬದಿಯನ್ನು ಓದುವುದಕ್ಕೆ. ಕೆಳಗಿನ ಲೆಕ್ಕಗಳಲ್ಲಿ ಯಾವ ದೇಶದ ಹಣವನ್ನೂ ಹೆಸರಿಸಿಲ್ಲ. 500 ಎಂದು ಬರೆದ ಕಡೆ ನಿಮ್ಮ ಹಣದಲ್ಲಿ 500 ಎಂದುಕೊಂಡರೆ ಸಾಕು.

ಫೋನ್ ಕಾರ್ಡ್ ಎಂದರೆ ನಿಖರವಾಗಿ ಯಾವುದು? ಮೊಬೈಲ್ ರೀಚಾರ್ಜ್ ಕೂಪನ್ ಕೂಡ ಅದೇ ತಾನೇ?

ಅಲ್ಲ. ಮೂರು ಬೇರೆ ಬೇರೆ ವಸ್ತುಗಳನ್ನು ಜನ ಒಂದೇ ಹೆಸರಿನಿಂದ ಕರೆಯುತ್ತಾರೆ.

ಮೊದಲನೆಯದು, ಸಾರ್ವಜನಿಕ ಫೋನಿನ ಸೀಳಿಗೆ ತೂರಿಸುವ ಕಾರ್ಡು. ನಾಣ್ಯಗಳ ಅಭಾವ ಕಾಡುತ್ತಿದ್ದ ಇಟಲಿಯಲ್ಲಿ 1976ರ ಸುಮಾರಿಗೆ ಇದು ಬಳಕೆಗೆ ಬಂತು. ಜಪಾನ್ 1982ರಲ್ಲಿ ಇಂಥ ಕಾರ್ಡಿನ ಫೋನುಗಳನ್ನು ಬೀದಿಗೆ ತಂದಿತು, ಫ್ರಾನ್ಸ್ ಆ ದಶಕದಲ್ಲೇ ಚಿಪ್ ಇರುವ ಕಾರ್ಡಿಗೆ ಹೋಯಿತು. ಇಲ್ಲಿ ದುಡ್ಡಿನ ಲೆಕ್ಕ ಕಾರ್ಡಿನ ಕಾಂತಪಟ್ಟಿಯಲ್ಲೋ ಚಿಪ್‌ನಲ್ಲೋ ಇರುತ್ತದೆ. ಫೋನು ನಿಮ್ಮ ಕಣ್ಣೆದುರೇ ಯೂನಿಟ್‌ಗಳನ್ನು ಕಡಿಯುತ್ತಾ ಹೋಗುತ್ತದೆ.

ಎರಡನೆಯದು ಪಿನ್ ಇರುವ ಕಾಲಿಂಗ್ ಕಾರ್ಡು. ಹಿಂಬದಿಯ ಪದರ ಕೆರೆದರೆ ಗುಪ್ತಸಂಖ್ಯೆ ಕಾಣುತ್ತದೆ. ಕಂಪನಿಯ ಪ್ರವೇಶ ಸಂಖ್ಯೆಗೆ ಡಯಲ್ ಮಾಡಿ, ಪಿನ್ ಒತ್ತಿ, ಆಮೇಲೆ ಬೇಕಾದ ನಂಬರ್ ಒತ್ತಬೇಕು. ಈ ಕಾರ್ಡಿನ ಒಳಗೆ ಏನೂ ಇಲ್ಲ, ಅದು ಬರೀ ರಟ್ಟು. ನಿಮ್ಮ ಬ್ಯಾಲೆನ್ಸ್ ಇರುವುದು ಕಂಪನಿಯ ಕಂಪ್ಯೂಟರಿನಲ್ಲಿ. ಕಾರ್ಡು ಜೇಬಿನಲ್ಲಿ ತಣ್ಣಗೆ ಮಲಗಿದ್ದಾಗಲೂ ಅಲ್ಲಿ ಹಣ ಕಡಿತ ಆಗಬಹುದು. ಶುಲ್ಕದ ತಂಟೆ ಬಹುಪಾಲು ಈ ಜಾತಿಯದ್ದೇ ಆದ್ದರಿಂದ ಈ ಪುಟವೂ ಬಹುಪಾಲು ಅದರದ್ದೇ.

ಮೂರನೆಯದು ರೀಚಾರ್ಜ್ ಕೂಪನ್. ಅದು ನಿಮ್ಮ ಸಿಮ್ಮಿನ ಖಾತೆಗೆ ಹಣ ತುಂಬುತ್ತದೆ, ಅಷ್ಟೇ. ಅಲ್ಲಿಂದ ಮುಂದೆ ಸಿಮ್ ಕಂಪನಿಯ ದರಪಟ್ಟಿ ನಡೆಯುತ್ತದೆ.

ನಿಮಿಷದ ದರ ಗೊತ್ತಿದ್ದರೆ ಸಾಲದೇ? ಕಾರ್ಡಿನ ಬೆಲೆಯನ್ನು ದರದಿಂದ ಭಾಗಿಸಿದರೆ ನಿಮಿಷ ಸಿಕ್ಕಿತಲ್ಲ.

ಸಿಗುವುದಿಲ್ಲ. ಆ ಭಾಗಾಕಾರ ಸರಿಹೋಗುವುದು ಬೇರೆ ಯಾವ ಶುಲ್ಕವೂ ಇಲ್ಲದ ಕಾರ್ಡಿಗೆ ಮಾತ್ರ. ಉಳಿದ ಕಾರ್ಡುಗಳಲ್ಲಿ ನಿಮಗೆ ಎಷ್ಟು ನಿಮಿಷ ಸಿಗುತ್ತದೆ ಎನ್ನುವುದು ಕಾರ್ಡಿನಷ್ಟೇ ನಿಮ್ಮ ಮಾತಿನ ರೀತಿಯನ್ನೂ ಅವಲಂಬಿಸಿರುತ್ತದೆ. ದಿನಕ್ಕೊಮ್ಮೆ ಎರಡು ಮಾತಾಡಿ ಇಡುವವರಿಗೂ ವಾರಕ್ಕೊಮ್ಮೆ ಕೂತು ಹರಟುವವರಿಗೂ ಒಂದೇ ಕಾರ್ಡು ಬೇರೆ ಬೇರೆ ಬೆಲೆಗೆ ಬೀಳುತ್ತದೆ. 'ಒಳ್ಳೆಯ ಕಾರ್ಡ್ ಯಾವುದು' ಎಂದು ಕೇಳುವವರಿಗೆ ನೇರ ಉತ್ತರ ಸಿಗದಿರುವುದು ಇದಕ್ಕೇ.

ಹಾಗಾದರೆ ಏನೇನು ಶುಲ್ಕಗಳಿರುತ್ತವೆ?

ಹೆಸರು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. 'ಸೇವಾ ಶುಲ್ಕ', 'ಆಡಳಿತ ಶುಲ್ಕ' ಎಂಬ ಹೆಸರುಗಳ ಕೆಳಗೆ ಏನು ಬೇಕಾದರೂ ಅಡಗಬಹುದು. ಹೆಸರಿಗಿಂತ, ಹಣ ಯಾವ ಗಳಿಗೆಯಲ್ಲಿ ಕಡಿತವಾಗುತ್ತದೆ ಎಂದು ನೋಡುವುದು ಒಳ್ಳೆಯದು.

ಕರೆ ಸೇರಿದ ಕೂಡಲೇ ಕಡಿಯುವುದು ಸಂಪರ್ಕ ಶುಲ್ಕ. ಒಂದು ನಿಮಿಷ ಮಾತಾಡಿದರೂ ಒಂದು ಗಂಟೆ ಮಾತಾಡಿದರೂ ಅದು ಅಷ್ಟೇ. ಟ್ಯಾಕ್ಸಿ ಹತ್ತಿದ ತಕ್ಷಣ ಮೀಟರು ತೋರಿಸುವ ಕನಿಷ್ಠ ಬಾಡಿಗೆಯ ಹಾಗೆ, ಹತ್ತಿರ ಹೋಗುವವರಿಗೇ ಇದು ಹೆಚ್ಚು ಚುಚ್ಚುತ್ತದೆ.

ಮಾತಾಡುತ್ತಿರುವಾಗ ಕಡಿಯುವುದು ನಿಮಿಷದ ದರ. ಅದರೊಳಗೇ ಸೇರಿಕೊಂಡಿರುವುದು ಸಮಯವನ್ನು ಮೇಲಕ್ಕೆ ದುಂಡಾಗಿಸುವ ಪದ್ಧತಿ. ಅದಕ್ಕೆ ಕೆಳಗೆ ಬೇರೆಯದೇ ಪ್ರಶ್ನೆ ಇದೆ.

ಫೋನ್ ಇಟ್ಟ ಮೇಲೆ ಕಡಿಯುವ ಶುಲ್ಕವೂ ಉಂಟು. ಕೆಲವು ಕಾರ್ಡುಗಳು ಪ್ರತಿ ಕರೆಯ ಕೊನೆಗೆ, ಇನ್ನು ಕೆಲವು ಇಂತಿಷ್ಟು ನಿಮಿಷ ದಾಟಿದ ಕರೆಗಳಿಗೆ ಮಾತ್ರ ಇದನ್ನು ಹಾಕುತ್ತವೆ. ನನ್ನ ಮಟ್ಟಿಗೆ ಎಲ್ಲದಕ್ಕಿಂತ ಕಳ್ಳ ಶುಲ್ಕ ಇದೇ. ಮಾತಾಡುವಾಗ ಗೊತ್ತಾಗುವುದಿಲ್ಲ, ಮುಂದಿನ ಸಲ ಡಯಲ್ ಮಾಡಿ ಬ್ಯಾಲೆನ್ಸ್ ಕೇಳಿಸಿಕೊಂಡಾಗಲೇ ತಿಳಿಯುವುದು.

ಏನೂ ಮಾಡದೆ ಕೂತಾಗ ಕಡಿಯುವುದು ನಿರ್ವಹಣಾ ಶುಲ್ಕ. ದಿನಕ್ಕೋ ವಾರಕ್ಕೋ ತಿಂಗಳಿಗೋ ಇಷ್ಟು ಎಂದು. ಸಾಮಾನ್ಯವಾಗಿ ಮೊದಲ ಕರೆಯ ನಂತರ ಶುರುವಾಗುತ್ತದೆ.

ಇವುಗಳ ಮೇಲೆ ತೆರಿಗೆ. ಕೆಲವೆಡೆ ಕಾರ್ಡ್ ಕೊಳ್ಳುವಾಗಲೇ ವಸೂಲಾಗುತ್ತದೆ, ಕೆಲವೆಡೆ ಬಳಸಿದಂತೆಲ್ಲ ಬ್ಯಾಲೆನ್ಸಿನಿಂದ ಹೋಗುತ್ತದೆ. ಎರಡನೆಯ ಬಗೆಯಲ್ಲಿ ಮುಖಬೆಲೆ ಪೂರ್ತಿ ಮಾತಿಗೆ ಸಿಗುವುದಿಲ್ಲ.

ಒಂದು ಲೆಕ್ಕ ಮಾಡಿ ತೋರಿಸಿ.

ಎರಡು ಕಾರ್ಡುಗಳನ್ನು ಎದುರುಬದುರು ಇಡೋಣ. ಎರಡರ ಬೆಲೆಯೂ 500.

ಕಾರ್ಡ್ 'ಅ': ನಿಮಿಷಕ್ಕೆ 2. ಮುಖದ ಮೇಲೆ '250 ನಿಮಿಷ' ಎಂದು ಅಚ್ಚಾಗಿದೆ. ಹಿಂಬದಿಯಲ್ಲಿ: ಪ್ರತಿ ಕರೆಗೆ ಸಂಪರ್ಕ ಶುಲ್ಕ 10, ಸಮಯವನ್ನು 3 ನಿಮಿಷದ ತುಂಡುಗಳಲ್ಲಿ ಎಣಿಸಲಾಗುವುದು, ವಾರದ ಕೊನೆಗೆ ನಿರ್ವಹಣೆಗೆ 25.

ಕಾರ್ಡ್ 'ಆ': ನಿಮಿಷಕ್ಕೆ 3, ಒಂದೊಂದು ನಿಮಿಷದ ಎಣಿಕೆ, ಬೇರೇನೂ ಶುಲ್ಕವಿಲ್ಲ. 166 ನಿಮಿಷ.

ಅಂಗಡಿಯ ಗಾಜಿನ ಹಿಂದೆ ಎರಡನ್ನೂ ನೋಡಿದರೆ ಯಾರಾದರೂ 'ಅ' ಕಾರ್ಡಿಗೇ ಕೈ ಹಾಕುತ್ತಾರೆ.

ಈಗ ದಿನಾ ಒಂದು ಸಲ ಐದು ನಿಮಿಷ ಮಾತಾಡುವವರನ್ನು ತೆಗೆದುಕೊಳ್ಳಿ. 'ಅ' ಕಾರ್ಡಿನಲ್ಲಿ ಐದು ನಿಮಿಷ ಆರಾಗುತ್ತದೆ. ಅದಕ್ಕೆ 12, ಸಂಪರ್ಕಕ್ಕೆ 10, ಒಟ್ಟು 22. ವಾರಕ್ಕೆ ಏಳು ಕರೆ ಎಂದರೆ 154, ನಿರ್ವಹಣೆ ಸೇರಿ 179. ಎರಡು ವಾರಕ್ಕೆ 358 ಖರ್ಚಾಗಿ 142 ಉಳಿಯಿತು. ಮೂರನೇ ವಾರ ಆರು ಕರೆಗೆ 132 ಹೋಗಿ 10 ಉಳಿಯುತ್ತದೆ. ಆ ಹತ್ತರಲ್ಲಿ ಸಂಪರ್ಕ ಶುಲ್ಕ ಕಟ್ಟಿದರೆ ಮಾತಿಗೆ ಏನೂ ಇಲ್ಲ, ವಾರ ಮುಗಿದಾಗ ನಿರ್ವಹಣೆ ಅದನ್ನೂ ನುಂಗುತ್ತದೆ. ಒಟ್ಟು 20 ಕರೆ, 100 ನಿಮಿಷ. ನಿಮಿಷಕ್ಕೆ 2 ಎಂದದ್ದು 5 ಆಯಿತು. ಇದೇ ವ್ಯಕ್ತಿ 'ಆ' ಕಾರ್ಡ್ ಕೊಂಡಿದ್ದರೆ ಕರೆಗೆ 15ರಂತೆ 33 ಕರೆ, 165 ನಿಮಿಷ.

ವಾರಕ್ಕೊಮ್ಮೆ ಅರ್ಧ ಗಂಟೆ ಮಾತಾಡುವವರಿಗೆ 'ಅ' ಕಾರ್ಡಿನಲ್ಲಿ ವಾರಕ್ಕೆ 95 ಖರ್ಚು. ಐದು ವಾರ ಪೂರ್ತಿ ಮಾತು, ಆರನೇ ವಾರ ಉಳಿದ 25ರಲ್ಲಿ ಆರು ನಿಮಿಷ. ಒಟ್ಟು 156. 'ಆ' ಕಾರ್ಡು ಇಲ್ಲಿಯೂ 166 ಕೊಟ್ಟು ಕೂದಲೆಳೆಯಲ್ಲಿ ಗೆಲ್ಲುತ್ತದೆ.

ಇಡೀ ಕಾರ್ಡನ್ನು ಒಂದೇ ಕರೆಯಲ್ಲಿ ಖಾಲಿ ಮಾಡುವವರು ಯಾರಾದರೂ ಇದ್ದರೆ, ಅವರಿಗೆ ಮಾತ್ರ 'ಅ' ಕಾರ್ಡು ಸುಮಾರು 245 ನಿಮಿಷ ಕೊಡುತ್ತದೆ. ನಾಲ್ಕು ಗಂಟೆ ಫೋನ್ ಇಡದೆ ಮಾತಾಡುವ ಆ ಮಹಾನುಭಾವರಿಗಾಗಿಯೇ ಮುಖದ ಮೇಲಿನ ಸಂಖ್ಯೆ ಅಚ್ಚಾಗಿರುವುದು.

ಪಿನ್ ಒತ್ತಿದ ಮೇಲೆ 'ನಿಮಗೆ ಇಷ್ಟು ನಿಮಿಷ ಇದೆ' ಎಂದು ದನಿ ಹೇಳುತ್ತದಲ್ಲ, ಅದೂ ಸುಳ್ಳೇ?

ಸುಳ್ಳು ಎನ್ನುವುದಕ್ಕಿಂತ ಅರ್ಧ ಸತ್ಯ. ನೀವು ಒತ್ತಿದ ನಂಬರಿನ ದರದಿಂದ ಉಳಿದ ಬ್ಯಾಲೆನ್ಸನ್ನು ಭಾಗಿಸಿ ಆ ಯಂತ್ರ ಸಂಖ್ಯೆ ಹೇಳುತ್ತದೆ. ಸಂಪರ್ಕ ಶುಲ್ಕ ಕಳೆದು ಹೇಳುವ ಪ್ರಾಮಾಣಿಕ ಯಂತ್ರಗಳಿವೆ, ಕಳೆಯದೆ ಹೇಳುವವೂ ಇವೆ. ಎರಡರಲ್ಲಿಯೂ ಆ ಸಂಖ್ಯೆ ಈ ಒಂದು ಕರೆಯಲ್ಲೇ ಪೂರ್ತಿ ಬಳಸಿದರೆ ಮಾತ್ರ ಅನ್ವಯ. ನಿಮಿಷದ ಬದಲು ಹಣದಲ್ಲಿ ಬ್ಯಾಲೆನ್ಸ್ ಹೇಳುವ ಆಯ್ಕೆ ಇದ್ದರೆ ಅದನ್ನೇ ಕೇಳಿ. ಹಣದ ಲೆಕ್ಕವನ್ನು ಎರಡು ಕರೆಗಳ ನಡುವೆ ತಾಳೆ ನೋಡಬಹುದು, ನಿಮಿಷದ್ದನ್ನು ಆಗುವುದಿಲ್ಲ.

ಇದು ಕಲ್ಪನೆಯ ದೂರಲ್ಲ. ಕೆಲವೇ ಡಾಲರಿಗೆ ನೂರಾರು, ಸಾವಿರಾರು ನಿಮಿಷ ಎಂದು ಜಾಹೀರಾತು ಕೊಟ್ಟು, ಶುಲ್ಕಗಳಿಂದಾಗಿ ಅದರ ಒಂದಂಶ ಮಾತ್ರ ಕೈಗೆ ಸಿಗುವಂತೆ ಮಾಡಿದ್ದಕ್ಕೆ ಅಮೆರಿಕದ ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಎಫ್‌ಸಿಸಿ 2015ರಲ್ಲಿ ಆರು ಕಾಲಿಂಗ್ ಕಾರ್ಡ್ ಕಂಪನಿಗಳಿಗೆ ತಲಾ 50 ಲಕ್ಷ ಡಾಲರ್ ದಂಡ ಹಾಕಿತು. ಅದಕ್ಕೆ ಮುಂಚೆ ಅಲ್ಲಿನ ಗ್ರಾಹಕ ಹಿತ ಕಾಯುವ ಎಫ್‌ಟಿಸಿ ಕೂಡ ಇಂಥ ಕಂಪನಿಗಳನ್ನು ನ್ಯಾಯಾಲಯಕ್ಕೆ ಎಳೆದಿತ್ತು.

60/60, 30/6, 1/1 ಎಂದು ಬರೆದಿರುತ್ತದೆ. ಏನದು?

ಸೆಕೆಂಡುಗಳ ಲೆಕ್ಕ. ಮೊದಲ ಅಂಕಿ ಕನಿಷ್ಠ ಎಷ್ಟು ಸೆಕೆಂಡಿಗೆ ಹಣ ಹೋಗುತ್ತದೆ ಎಂಬುದು, ಎರಡನೆಯದು ಆಮೇಲಿನ ಒಂದೊಂದು ತುಂಡು ಎಷ್ಟು ಉದ್ದ ಎಂಬುದು. 30/6 ಕಾರ್ಡಿನಲ್ಲಿ 20 ಸೆಕೆಂಡ್ ಮಾತಾಡಿದರೆ 30ಕ್ಕೆ ದುಡ್ಡು, 40 ಸೆಕೆಂಡ್ ಮಾತಾಡಿದರೆ 42ಕ್ಕೆ. 60/60 ಕಾರ್ಡಿನಲ್ಲಿ 61 ಸೆಕೆಂಡ್ ಆದರೆ ಎರಡು ನಿಮಿಷ. 180/180 ಇದ್ದರೆ ಮೂರು ನಿಮಿಷ ಹತ್ತು ಸೆಕೆಂಡಿನ ಮಾತು ಆರು ನಿಮಿಷವಾಗುತ್ತದೆ. 1/1 ಸಿಕ್ಕರೆ ಅದೃಷ್ಟ, ಸೆಕೆಂಡಿಗೆ ತಕ್ಕ ಹಣ.

ಅಂಕಿಗಳ ಬದಲು 'ಮೂರು ನಿಮಿಷದ ಏರಿಕೆಯಲ್ಲಿ ಬಿಲ್ ಮಾಡಲಾಗುತ್ತದೆ' ಎಂಬಂಥ ವಾಕ್ಯವಿದ್ದರೂ ಅರ್ಥ ಒಂದೇ.

ಆ ಕಡೆಯವರು ಫೋನ್ ಎತ್ತಲೇ ಇಲ್ಲ. ಆದರೂ ಹಣ ಹೋಗಿದೆ!

ಆ ಕಡೆ ಕರೆ ಸ್ವೀಕಾರವಾಯಿತು ಎಂಬ ಸಂಕೇತ ಬಂದಾಗ ಗಡಿಯಾರ ಓಡಬೇಕು, ಅದು ನ್ಯಾಯ. ಆದರೆ ಸಂಕೇತ ಕಳಿಸುವುದು ಮನುಷ್ಯರೇ ಆಗಬೇಕೆಂದಿಲ್ಲ. ವಾಯ್ಸ್‌ಮೇಲ್ ಎತ್ತಿಕೊಂಡರೂ, ಕಚೇರಿಯೊಂದರ 'ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ' ಯಂತ್ರ ಉತ್ತರಿಸಿದರೂ ಅದು ಸೇರಿದ ಕರೆಯೇ. ಸಂಪರ್ಕ ಶುಲ್ಕ ಹೋಗುತ್ತದೆ, ಒಂದು ತುಂಡು ಸಮಯವೂ ಹೋಗುತ್ತದೆ. ವಾಯ್ಸ್‌ಮೇಲ್‌ಗೆ ಹೋಗುತ್ತಿದೆ ಅನ್ನಿಸಿದರೆ ಅದು ಎತ್ತಿಕೊಳ್ಳುವ ಮುಂಚೆಯೇ ಇಟ್ಟುಬಿಡಿ.

ಇನ್ನು ಕೆಲವು ಕಾರ್ಡುಗಳು ಗಂಟೆ ಬಾರಿಸಿದ ಸಮಯಕ್ಕೂ, ಎಂಗೇಜ್ ಬಂದ ಕರೆಗೂ ಹಣ ಕಡಿದಿರುವ ದೂರುಗಳಿವೆ. ಪರೀಕ್ಷಿಸುವುದು ಸುಲಭ. ಕರೆಯನ್ನು ಎತ್ತಬೇಡಿ ಎಂದು ಮನೆಯವರಿಗೆ ಹೇಳಿ ಒಂದು ಕರೆ ಮಾಡಿ, ಸ್ವಲ್ಪ ಹೊತ್ತು ಗಂಟೆ ಹೊಡೆಸಿ, ಇಟ್ಟು, ಬ್ಯಾಲೆನ್ಸ್ ಕೇಳಿ. ಕಡಿಮೆಯಾಗಿದ್ದರೆ ಆ ಕಂಪನಿಯ ಸಹವಾಸ ಅಲ್ಲಿಗೆ ಬಿಡಿ.

ಅದೇ ದೇಶದ ಮೊಬೈಲಿಗೆ ಒಂದು ದರ, ಲ್ಯಾಂಡ್‌ಲೈನಿಗೆ ಇನ್ನೊಂದು ದರ ಏಕೆ?

ನಿಮ್ಮ ಕರೆಯನ್ನು ಕೊನೆಯ ಹಂತದಲ್ಲಿ ಮುಟ್ಟಿಸುವ ಜಾಲಕ್ಕೆ ಕಾರ್ಡ್ ಕಂಪನಿ ನಿಮಿಷಕ್ಕೆ ಇಷ್ಟು ಎಂದು ಕೊಡಬೇಕು. ಬಹಳಷ್ಟು ದೇಶಗಳಲ್ಲಿ ಮೊಬೈಲ್ ಜಾಲಗಳು ಈ ಬಾಬತ್ತಿಗೆ ಲ್ಯಾಂಡ್‌ಲೈನ್ ಜಾಲಗಳಿಗಿಂತ ಹೆಚ್ಚು ಪಡೆಯುತ್ತವೆ. ಅಮೆರಿಕ, ಕೆನಡಾಗಳಲ್ಲಿ ಕರೆ ಸ್ವೀಕರಿಸುವವರೂ ತಮ್ಮ ಪಾಲನ್ನು ಭರಿಸುವ ಪದ್ಧತಿ ಬೆಳೆದುಬಂದದ್ದರಿಂದ ಅಲ್ಲಿಗೆ ಎರಡಕ್ಕೂ ಸಾಮಾನ್ಯವಾಗಿ ಒಂದೇ ದರ. ಪೋಸ್ಟರಿನ ಮೇಲಿನ ಆಕರ್ಷಕ ದರ ಹೆಚ್ಚಾಗಿ ಯಾವುದೋ ದೊಡ್ಡ ನಗರದ ಲ್ಯಾಂಡ್‌ಲೈನಿನದು. ನಿಮ್ಮವರ ಬಳಿ ಇರುವುದು ಮೊಬೈಲ್ ಆಗಿದ್ದರೆ ಆ ಸಾಲನ್ನೇ ಹುಡುಕಿ ಓದಿ.

ಉಪಗ್ರಹ ಫೋನುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 870, 881 ಎಂಬ ಸಂಕೇತಗಳು ಯಾವ ದೇಶದವೂ ಅಲ್ಲ, ಉಪಗ್ರಹ ಸೇವೆಗಳವು. ಹಲವು ಕಾರ್ಡುಗಳು ಅಲ್ಲಿಗೆ ಕರೆಯನ್ನೇ ಬಿಡುವುದಿಲ್ಲ, ಬಿಡುವವು ಕಾರ್ಡನ್ನು ಕ್ಷಣದಲ್ಲಿ ಬರಿದು ಮಾಡುತ್ತವೆ.

ಪ್ರವೇಶ ಸಂಖ್ಯೆ ಟೋಲ್ ಫ್ರೀ ಎಂದಿದೆ. ಅಂದಮೇಲೆ ಅದಕ್ಕೇನು ಖರ್ಚು?

ನಿಮಗೆ ಆ ಕ್ಷಣಕ್ಕೆ ಫ್ರೀ. ಆ ಕರೆಯ ಖರ್ಚನ್ನು ಕಾರ್ಡ್ ಕಂಪನಿ ಭರಿಸುತ್ತದೆ, ಆಮೇಲೆ ನಿಮ್ಮ ಬ್ಯಾಲೆನ್ಸಿನಿಂದಲೇ ವಸೂಲು ಮಾಡುತ್ತದೆ. ಆದ್ದರಿಂದ ಒಂದೇ ಕಾರ್ಡಿನಲ್ಲಿ ಟೋಲ್ ಫ್ರೀ ಸಂಖ್ಯೆಯ ಮೂಲಕ ಹೋದರೆ ಹೆಚ್ಚಿನ ದರ, ಸ್ಥಳೀಯ ಪ್ರವೇಶ ಸಂಖ್ಯೆಯ ಮೂಲಕ ಹೋದರೆ ಕಡಿಮೆ ದರ ಇರುವುದು ಸಾಮಾನ್ಯ. ಸ್ಥಳೀಯ ಕರೆ ನಿಮ್ಮ ಫೋನಿನಲ್ಲಿ ಹೇಗೂ ಉಚಿತವಾಗಿದ್ದರೆ ಸ್ಥಳೀಯ ಸಂಖ್ಯೆಯೇ ಲಾಭ.

ಮೊಬೈಲಿನಿಂದ ಡಯಲ್ ಮಾಡುವಾಗ ಇನ್ನೊಂದು ಸೂಕ್ಷ್ಮ. ಕಾರ್ಡಿನ ಲೆಕ್ಕ ಬೇರೆ, ಸಿಮ್ಮಿನ ಲೆಕ್ಕ ಬೇರೆ. ಪ್ರವೇಶ ಸಂಖ್ಯೆಗೆ ಮಾಡಿದ ಕರೆ ಸಿಮ್ಮಿನ ಮಟ್ಟಿಗೆ ಒಂದು ಮಾಮೂಲಿ ಕರೆ, ನೀವು ಮಾತಾಡಿದಷ್ಟು ಹೊತ್ತೂ ಅದು ಓಡುತ್ತಿರುತ್ತದೆ. ರೋಮಿಂಗ್‌ನಲ್ಲಿದ್ದರಂತೂ ಕಾರ್ಡಿನಲ್ಲಿ ಉಳಿಸಿದ್ದು ಸಿಮ್ಮಿನಲ್ಲಿ ಹೋಗಬಹುದು.

ಸಾರ್ವಜನಿಕ ಫೋನಿನಿಂದ ಮಾಡಿದಾಗ ಹೆಚ್ಚುವರಿ ಕಡಿತ ಆಗುತ್ತದೆಯೇ?

ಹಲವು ಕಡೆ ಆಗುತ್ತದೆ, ಅದಕ್ಕೊಂದು ಕಾರಣವೂ ಇದೆ. ಟೋಲ್ ಫ್ರೀ ಸಂಖ್ಯೆಗೆ ಡಯಲ್ ಮಾಡುವಾಗ ನೀವು ನಾಣ್ಯ ಹಾಕುವುದಿಲ್ಲ, ಹಾಗಾಗಿ ಫೋನಿನ ಮಾಲೀಕರಿಗೆ ಏನೂ ಹುಟ್ಟುವುದಿಲ್ಲ. ಅಮೆರಿಕದಲ್ಲಿ 1996ರ ದೂರಸಂಪರ್ಕ ಕಾಯ್ದೆ ಇಂಥ ಪ್ರತಿ ಕರೆಗೂ ಫೋನ್ ಮಾಲೀಕರಿಗೆ ಪರಿಹಾರ ಸಿಗಬೇಕೆಂದು ವಿಧಿಸಿತು. ಆ ಭಾರ ಕಾರ್ಡ್ ಕಂಪನಿಗಳ ಮೂಲಕ ಗ್ರಾಹಕರ ತಲೆಗೇ ಬಂತು. ಇದು ನಿಮಿಷದ ಲೆಕ್ಕವಲ್ಲ, ಕರೆಯ ಲೆಕ್ಕ. ಸಣ್ಣ ಬೆಲೆಯ ಕಾರ್ಡನ್ನು ಸಾರ್ವಜನಿಕ ಫೋನಿನಲ್ಲಿ ಬಳಸಿದರೆ ಮಾತಿಗಿಂತ ಈ ಶುಲ್ಕವೇ ಹೆಚ್ಚಾಗುವುದುಂಟು.

ಹೋಟೆಲ್ ಕೋಣೆಯಿಂದ?

ಹೋಟೆಲಿನವರು ಹೊರಗಿನ ಕರೆಗೆ, ಟೋಲ್ ಫ್ರೀ ಆದರೂ, ತಮ್ಮದೇ ಶುಲ್ಕ ಹಾಕಬಹುದು. ಮೊದಲೇ ಕೇಳಿಕೊಳ್ಳಿ. ಸಾಲಾಗಿ ಹಲವು ಕರೆ ಮಾಡುವುದಿದ್ದರೆ ಫೋನ್ ಇಡದೆ ಮುಂದಿನ ನಂಬರ್ ಒತ್ತುವ ಸೌಲಭ್ಯ ಅನೇಕ ಕಾರ್ಡುಗಳಲ್ಲಿದೆ. ಯಾವ ಗುಂಡಿ ಎನ್ನುವುದು ಕಾರ್ಡಿನ ಹಿಂದೆ ಇರುತ್ತದೆ. ಇದರಿಂದ ಹೋಟೆಲಿನ ಶುಲ್ಕ ಒಂದೇ ಸಲಕ್ಕೆ ಮುಗಿಯುತ್ತದೆ. ಕಾರ್ಡಿನ ಸಂಪರ್ಕ ಶುಲ್ಕ ಮಾತ್ರ ಪ್ರತಿ ಕರೆಗೂ ತಪ್ಪುವುದಿಲ್ಲ.

ವ್ಯಾಲಿಡಿಟಿ ಯಾವಾಗಿನಿಂದ ಲೆಕ್ಕ?

ಕೆಲವಕ್ಕೆ ಮೊದಲ ಕರೆಯ ದಿನದಿಂದ, ಕೆಲವಕ್ಕೆ ಅಂಗಡಿಯಲ್ಲಿ ಚಾಲೂ ಮಾಡಿದ ದಿನದಿಂದ. ಇನ್ನು ಕೆಲವಕ್ಕೆ ಅಚ್ಚಾದ ಒಂದು ಕೊನೆಯ ದಿನಾಂಕ ಇರುತ್ತದೆ, ಆ ಬಗೆಯನ್ನು ಕೊಳ್ಳುವಾಗಲೇ ನೋಡಬೇಕು. ಅವಧಿ ಮುಗಿದ ಬ್ಯಾಲೆನ್ಸ್ ಕಂಪನಿಯ ಪಾಲು. ನಿರ್ವಹಣಾ ಶುಲ್ಕ ಮತ್ತು ಅವಧಿ ಎರಡೂ ಇರುವ ಕಾರ್ಡನ್ನು 'ಆಪತ್ತಿಗೆ ಇರಲಿ' ಎಂದು ಪರ್ಸಿನಲ್ಲಿ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಅದಕ್ಕೆ ಬೇಕಾದದ್ದು ನಿರ್ವಹಣಾ ಶುಲ್ಕವೇ ಇಲ್ಲದ, ದರ ಸ್ವಲ್ಪ ದುಬಾರಿಯಾದರೂ ಸರಿ ಎನ್ನುವ ಕಾರ್ಡು.

ಕೊಳ್ಳುವ ಮುಂಚೆ ಅಂಗಡಿಯವರನ್ನು ಏನು ಕೇಳಬೇಕು?

ಅಂಗಡಿಯವರಿಗೆ ದರ ಗೊತ್ತಿರಬೇಕಾಗಿಲ್ಲ. ಅವರು ಕಮಿಷನ್‌ಗೆ ಮಾರುತ್ತಾರೆ, ದರ ನಿರ್ಧರಿಸುವುದು ಕಂಪನಿ. ಗೋಡೆಗೆ ಅಂಟಿಸಿದ ಪೋಸ್ಟರ್ ಹಳೆಯದಿದ್ದು ದರ ಬದಲಾಗಿರಲೂಬಹುದು. ಕಾರ್ಡಿನ ಮೇಲಿನ ಕಸ್ಟಮರ್ ಕೇರ್ ಸಂಖ್ಯೆಗೆ ಅಲ್ಲಿಯೇ ನಿಂತು ಫೋನ್ ಮಾಡಿ. ಯಾರೂ ಎತ್ತದಿದ್ದರೆ, ಹಣ ಕೊಟ್ಟ ಮೇಲೆ ಎತ್ತುತ್ತಾರೆ ಎಂಬ ನಂಬಿಕೆಗೆ ಕಾರಣ ಇಲ್ಲ. ಎತ್ತಿದರೆ ಒಂದೇ ಪ್ರಶ್ನೆ ಸಾಕು: 'ಇಂಥ ದೇಶದ ಮೊಬೈಲಿಗೆ, ನನ್ನ ಮೊಬೈಲಿನಿಂದ, ಹತ್ತು ನಿಮಿಷ ಮಾತಾಡಿದರೆ ಬ್ಯಾಲೆನ್ಸಿನಲ್ಲಿ ಒಟ್ಟು ಎಷ್ಟು ಕಡಿಮೆಯಾಗುತ್ತದೆ?' ಹತ್ತರ ಜಾಗದಲ್ಲಿ ನಿಮ್ಮ ಎಂದಿನ ಕರೆ ಎಷ್ಟು ಉದ್ದವೋ ಅದನ್ನು ಹಾಕಿ. ನಿಮಿಷದ ದರ ಎಷ್ಟು ಎಂದು ಕೇಳಿದರೆ ನಿಮಿಷದ ದರವನ್ನಷ್ಟೇ ಹೇಳುತ್ತಾರೆ.

ಮೊದಲು ಅತಿ ಕಡಿಮೆ ಬೆಲೆಯ ಕಾರ್ಡ್ ಕೊಂಡು, ಪ್ರತಿ ಕರೆಯ ಮುಂಚೆ ಕೇಳಿಸಿದ ಬ್ಯಾಲೆನ್ಸನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎರಡು ಮೂರು ಕರೆ ಆಗುವಷ್ಟರಲ್ಲಿ ಹಿಂಬದಿಯ ಸಣ್ಣ ಅಕ್ಷರ ಏನು ಮಾಡುತ್ತಿದೆ ಎಂದು ಅಂಕಿಗಳೇ ಹೇಳುತ್ತವೆ.

ಹಣ ಅನ್ಯಾಯವಾಗಿ ಹೋಗಿದೆ. ಯಾರಿಗೆ ಹೇಳುವುದು?

ಮೊದಲು ಕಸ್ಟಮರ್ ಕೇರ್. ಕರೆಯ ದಿನಾಂಕ, ಸಮಯ, ಎಷ್ಟು ಹೊತ್ತು, ಮುಂಚಿನ ಬ್ಯಾಲೆನ್ಸ್, ಆಮೇಲಿನ ಬ್ಯಾಲೆನ್ಸ್, ಇಷ್ಟು ಕೈಯಲ್ಲಿರಲಿ. ಚೀಟಿ ಉಪಯೋಗಕ್ಕೆ ಬರುವುದು ಈಗ. ಸರಿಹೋಗದಿದ್ದರೆ ನಿಮ್ಮ ದೇಶದ ದೂರಸಂಪರ್ಕ ನಿಯಂತ್ರಕರು ಅಥವಾ ಗ್ರಾಹಕ ವ್ಯಾಜ್ಯಗಳನ್ನು ನೋಡುವ ಸಂಸ್ಥೆ. ಕಾರ್ಡ್ ಖಾಲಿಯಾಯಿತೆಂದು ಬಿಸಾಡಬೇಡಿ, ಅದರ ಮೇಲಿನ ಕ್ರಮಸಂಖ್ಯೆ ಮತ್ತು ಹಿಂಬದಿಯ ಷರತ್ತುಗಳೇ ನಿಮ್ಮ ಸಾಕ್ಷಿ.

ಯಾರೋ ಫೋನ್ ಮಾಡಿ 'ಬೋನಸ್ ಹಾಕುತ್ತೇವೆ, ಪಿನ್ ಹೇಳಿ' ಎನ್ನುತ್ತಾರೆ.

ಹೇಳಬೇಡಿ. ಪಿನ್ ಕೊಡುವುದೂ ಹಣ ಕೊಡುವುದೂ ಒಂದೇ. ತೆರಿಗೆ ಬಾಕಿ, ಬಹುಮಾನ, ಪೊಲೀಸ್ ಕೇಸು ಎಂದು ಹೆದರಿಸಿ ಕಾರ್ಡ್ ಕೊಂಡು ಪಿನ್ ಓದಿ ಹೇಳಲು ಒತ್ತಾಯಿಸುವವರೂ ಇದೇ ಪಂಗಡ. ಕೊಳ್ಳುವಾಗ ಕೆರೆಯುವ ಪದರ ಹಾಳಾಗಿರುವ ಕಾರ್ಡನ್ನು ಮುಟ್ಟಲೂಬೇಡಿ.

ಹಳೆಯ ಪೆಟ್ಟಿಗೆಯಲ್ಲಿ ಬಳಸದ ಕಾರ್ಡೊಂದು ಸಿಕ್ಕಿದೆ. ಏನಾದರೂ ಬೆಲೆ ಇದೆಯೇ?

ಪಿನ್ ಕಾರ್ಡಾದರೆ ಪ್ರವೇಶ ಸಂಖ್ಯೆಗೆ ಡಯಲ್ ಮಾಡಿ ನೋಡಿ. ಸಂಖ್ಯೆಯೇ ಚಾಲ್ತಿಯಲ್ಲಿ ಇಲ್ಲದಿದ್ದರೆ ಬ್ಯಾಲೆನ್ಸಿನ ಆಸೆ ಬಿಡಬೇಕು. ಹಾಗೆಂದು ಪದರ ಕೆರೆಯಲು ಅವಸರ ಬೇಡ. ಅಂಚೆಚೀಟಿಯಂತೆ ಫೋನ್ ಕಾರ್ಡುಗಳನ್ನೂ ಕೂಡಿಡುವವರು ಜಪಾನಿನಲ್ಲಿ, ಯೂರೋಪಿನಲ್ಲಿ ಬಹಳ ಜನ ಇದ್ದರು, ಈಗಲೂ ಇದ್ದಾರೆ. ಚಿತ್ರ ಚೆನ್ನಾಗಿರುವ, ಒಮ್ಮೆಯೂ ಬಳಸದ ಕಾರ್ಡಿಗೆ ಅವರಲ್ಲಿ ಹೆಚ್ಚು ಬೇಡಿಕೆ.